ಚಾಕು ಹಿಡಿಯುವ ಮುನ್ನ ನಾಲ್ಕು ಮಾತು

ಆಪರೇಷನ್ ಸುರಕ್ಷಿತವಾಗಿ ಮುಗಿಯಬೇಕಾದರೆ ಸರ್ಜನ್ನರ ಕೈಚಳಕ ಒಂದೇ ಸಾಲದು. ಥಿಯೇಟರಿನಲ್ಲಿರುವ ಅತಿ ಕಿರಿಯರೂ ಬಾಯಿ ಬಿಡುವಂತೆ ಇಡೀ ತಂಡವನ್ನು ತಯಾರು ಮಾಡಬೇಕು. ಬೆಂಗಳೂರಿನ ಹೊರವಲಯದ ಕಾರ್ಖಾನೆಗಳು ಬಲ್ಲ ಈ ಪಾಠ ಅಲ್ಲಿನ ಪ್ರತಿ ಆಸ್ಪತ್ರೆಗೂ ತಲುಪಬೇಕಿದೆ.

ಪೀಣ್ಯದ ಪ್ರೆಸ್ ಶಾಪ್‌ಗಳಲ್ಲಿ ದುಡಿಯುವವರಿಗೆ ಪವರ್ ಪ್ರೆಸ್‌ನ ಅಪಾಯವನ್ನು ಯಾರೂ ಹೇಳಿಕೊಡಬೇಕಿಲ್ಲ. ಡೈ ಕೆಳಗೆ ತಗಡು ಇಟ್ಟ ಕೈ ಹಿಂದೆ ಬರುವುದು ಅರೆಗಳಿಗೆ ತಡವಾದರೂ ಬೆರಳು ಹೋಗುತ್ತದೆ. ಹಾಗೆ ಕೈ ಜಜ್ಜಿಸಿಕೊಂಡ ಹುಡುಗನೊಬ್ಬನನ್ನು ಮಧ್ಯರಾತ್ರಿ ಆಸ್ಪತ್ರೆಗೆ ತಂದಿದ್ದಾರೆ ಎಂದುಕೊಳ್ಳಿ. ರಾಯಚೂರು ಕಡೆಯವನು, ಬೆಂಗಳೂರಿಗೆ ಹೊಸಬ. ಸರ್ಜನ್ ಆಗಲೇ ಎರಡು ಆಪರೇಷನ್ ಮುಗಿಸಿ ಮೂರನೆಯದಕ್ಕೆ ಕೈ ತೊಳೆಯುತ್ತಿದ್ದಾರೆ. ಅರಿವಳಿಕೆ ವೈದ್ಯರು ಸಿರಿಂಜ್‌ಗಳನ್ನು ಜೋಡಿಸಿಕೊಳ್ಳುತ್ತಿದ್ದಾರೆ. ಸ್ಟ್ರೆಚರ್ ಒಳಗೆ ಬರುವಾಗ ಹುಡುಗ ಕಿರಿಯ ಸಿಸ್ಟರ್ ಹತ್ತಿರ ಒಂದು ಮಾತು ಹೇಳಿದ್ದಾನೆ: ಹಿಂದೊಮ್ಮೆ ಊರಲ್ಲಿ ಸೂಜಿ ಮಾಡಿಸಿಕೊಂಡಾಗ ಮೈತುಂಬ ದದ್ದು ಎದ್ದು ಉಸಿರು ಕಟ್ಟಿತ್ತಂತೆ. ಕೇಸ್ ಶೀಟಿನಲ್ಲಿ ಅದು ಬರೆದಿಲ್ಲ. ಎಲ್ಲರಿಗೂ ಅವಸರ. ಸಿಸ್ಟರ್ ಕೆಲಸಕ್ಕೆ ಸೇರಿ ಕೆಲವೇ ವಾರಗಳಾಗಿವೆ.

ಆಕೆ ಈಗ ಬಾಯಿ ಬಿಡುತ್ತಾಳೋ ಇಲ್ಲವೋ? ಇದು ಆಕೆಯ ಸ್ವಭಾವಕ್ಕೆ ಬಿಟ್ಟ ವಿಷಯ ಎಂದು ನಾವು ಬಹಳ ಕಾಲ ನಂಬಿದ್ದೆವು. ಧೈರ್ಯವಂತೆಯಾದರೆ ಹೇಳುತ್ತಾಳೆ, ಸಂಕೋಚದವಳಾದರೆ ಸುಮ್ಮನಿರುತ್ತಾಳೆ ಎಂಬ ಲೆಕ್ಕ. ಆದರೆ ಕಳೆದ ಎರಡು ದಶಕಗಳ ಸಂಶೋಧನೆ ಬೇರೆಯದನ್ನೇ ಹೇಳುತ್ತಿದೆ. ಕಿರಿಯರು ಮಾತನಾಡುವುದು, ಹಿರಿಯರು ಕೇಳಿಸಿಕೊಳ್ಳುವುದು, ಎರಡನ್ನೂ ಕಲಿಸಬಹುದು. ಕಲಿಸಿದ ಹಲವು ಕಡೆ ಸಾವು, ಸೋಂಕು, ಮರು ಆಪರೇಷನ್ ಕಡಿಮೆಯಾಗಿವೆ. ಹಾಳೆಯೊಂದನ್ನು ಹಂಚಿ ಸುಮ್ಮನಾದ ಕಡೆ ಹೆಚ್ಚೇನೂ ಬದಲಾಗಿಲ್ಲ.

ಬೆಂಗಳೂರಿನ ಹೊರವಲಯಕ್ಕೆ ಇದು ದೂರದ ವಿಷಯವಲ್ಲ. ಎಲೆಕ್ಟ್ರಾನಿಕ್ ಸಿಟಿ ದಾಟಿದರೆ ಸಿಗುವ ಬೊಮ್ಮಸಂದ್ರದಲ್ಲಿ ಡಾ. ದೇವಿ ಶೆಟ್ಟಿ ಅವರ ನಾರಾಯಣ ಹೃದಯಾಲಯ 2001ರಲ್ಲಿ ಶುರುವಾಯಿತು. ಅದೇ ವರ್ಷದ ಜನವರಿಯಲ್ಲಿ ವೈಟ್‌ಫೀಲ್ಡ್‌ನಲ್ಲಿ ಹೃದಯ ಮತ್ತು ನರರೋಗಗಳಿಗೆ ಉಚಿತ ಶಸ್ತ್ರಚಿಕಿತ್ಸೆ ಮಾಡುವ ಶ್ರೀ ಸತ್ಯಸಾಯಿ ಆಸ್ಪತ್ರೆ ಬಾಗಿಲು ತೆರೆಯಿತು. ಪೀಣ್ಯ, ರಾಜಾಜಿನಗರಗಳ ಇ.ಎಸ್.ಐ. ಆಸ್ಪತ್ರೆಗಳಿಗೆ ಕಾರ್ಖಾನೆ, ಗಾರ್ಮೆಂಟ್ಸ್ ಕಾರ್ಮಿಕರು ಬರುತ್ತಾರೆ. ಇವುಗಳ ನಡುವೆ ಒಂದೇ ಥಿಯೇಟರ್ ಇರುವ ನರ್ಸಿಂಗ್ ಹೋಮ್‌ಗಳು ಬೀದಿಬೀದಿಗೂ ಇವೆ. ಸಿಸೇರಿಯನ್, ಅಪೆಂಡಿಕ್ಸ್, ಹರ್ನಿಯಾ, ಮೂಳೆ ಮುರಿತ ಎಂದು ಇಲ್ಲಿ ಥಿಯೇಟರಿನ ದೀಪ ಆರುವುದೇ ಅಪರೂಪ.

ಆಪರೇಷನ್ ನಂತರ ಗಾಯದಲ್ಲಿ ಕೀವಾದರೆ ಸಾಫ್ಟ್‌ವೇರ್ ಕೆಲಸದವರಿಗೆ ರಜೆಯ ಲೆಕ್ಕ, ವಿಮೆಯ ಓಡಾಟ. ಇ.ಎಸ್.ಐ. ಇರುವ ಕಾರ್ಮಿಕರಿಗೆ ಕಾಯಿಲೆ ರಜೆಯಲ್ಲಿ ವೇತನದ ಶೇ 70ರಷ್ಟು ಹಣ ಕೈಗೆ ಸಿಗುತ್ತದೆ, ಅದೂ ವರ್ಷಕ್ಕೆ 91 ದಿನಗಳ ಮಿತಿಯೊಳಗೆ. ಆದರೆ ತಿಂಗಳ ಸಂಬಳ 21,000 ರೂಪಾಯಿ ದಾಟಿದವರು ಸಾಮಾನ್ಯವಾಗಿ ಆ ಯೋಜನೆಯ ಹೊರಗೆ. ಗಾರೆ ಕೆಲಸದವರು, ಮನೆಗೆಲಸದವರು, ಡೆಲಿವರಿ ಹುಡುಗರ ಪೈಕಿ ಬಹುತೇಕರಿಗೆ ಅಷ್ಟೂ ಇಲ್ಲ. ಡ್ರೆಸ್ಸಿಂಗ್‌ಗೆಂದು ದಿನ ಬಿಟ್ಟು ದಿನ ಆಸ್ಪತ್ರೆಗೆ ಅಲೆದರೆ ಅಷ್ಟು ದಿನದ ಕೂಲಿ ಹೋಯಿತು. ವೈದ್ಯರ ಭಾಷೆಯಲ್ಲಿ ಅದು ಒಂದು ತೊಡಕು. ಆ ಮನೆಯಲ್ಲಿ ಅದು ಬಡ್ಡಿಗೆ ತಂದ ಸಾಲ.

19 ಅಂಶಗಳ ಒಂದು ಹಾಳೆ

2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಅಂದಾಜು ಜಗತ್ತನ್ನು ಬೆಚ್ಚಿಬೀಳಿಸುವಂತಿತ್ತು. ವರ್ಷಕ್ಕೆ ಸುಮಾರು 23 ಕೋಟಿ ದೊಡ್ಡ ಶಸ್ತ್ರಚಿಕಿತ್ಸೆಗಳು ನಡೆಯುತ್ತವೆ. ಕನಿಷ್ಠ 70 ಲಕ್ಷ ಜನರಿಗೆ ಗಂಭೀರ ತೊಡಕುಗಳಾಗುತ್ತವೆ, 10 ಲಕ್ಷ ಜನ ಸಾಯುತ್ತಾರೆ. ಅವುಗಳಲ್ಲಿ ಅರ್ಧದಷ್ಟನ್ನಾದರೂ ತಪ್ಪಿಸಬಹುದು ಎಂದು ಸಂಸ್ಥೆ ಹೇಳಿತು. ಅಮೆರಿಕದ ಸರ್ಜನ್, ಭಾರತ ಮೂಲದ ಅತುಲ್ ಗವಾಂಡೆ ಅವರ ನೇತೃತ್ವದ ತಂಡ ಇದಕ್ಕಾಗಿ 19 ಅಂಶಗಳ ಚೆಕ್‌ಲಿಸ್ಟ್ ಒಂದನ್ನು ತಯಾರಿಸಿತು.

ಅದರಲ್ಲಿ ಮೂರು ನಿಲುಗಡೆಗಳಿವೆ. ಅರಿವಳಿಕೆ ಕೊಡುವ ಮೊದಲು ಒಂದು, ಚರ್ಮಕ್ಕೆ ಚಾಕು ತಾಗಿಸುವ ಮೊದಲು ಒಂದು, ರೋಗಿಯನ್ನು ಥಿಯೇಟರಿನಿಂದ ಹೊರಗೆ ಕಳಿಸುವ ಮೊದಲು ಒಂದು. ಮೊದಲ ನಿಲುಗಡೆಯಲ್ಲಿ ರೋಗಿ ತನ್ನ ಹೆಸರನ್ನು, ಯಾವ ಆಪರೇಷನ್, ದೇಹದ ಯಾವ ಭಾಗಕ್ಕೆ ಎಂಬುದನ್ನು ತಾನೇ ಹೇಳಬೇಕು. ಅಲರ್ಜಿ ಇದೆಯೇ, ರಕ್ತದಲ್ಲಿನ ಆಮ್ಲಜನಕ ತೋರಿಸುವ ಆಕ್ಸಿಮೀಟರ್ ಕೆಲಸ ಮಾಡುತ್ತಿದೆಯೇ, ಹೆಚ್ಚು ರಕ್ತ ಹೋಗುವ ಸಂಭವವಿದೆಯೇ ಎಂದು ಕೇಳಬೇಕು. ಎರಡನೆಯ ನಿಲುಗಡೆಯಲ್ಲಿ ಎಲ್ಲರೂ ಕೈಯಲ್ಲಿದ್ದುದನ್ನು ಬಿಟ್ಟು ತಮ್ಮ ಹೆಸರು, ಕೆಲಸ ಹೇಳಿಕೊಳ್ಳಬೇಕು. ಸೋಂಕು ತಡೆಯುವ ಆ್ಯಂಟಿಬಯೋಟಿಕ್ ಕಳೆದ 60 ನಿಮಿಷಗಳೊಳಗೆ ಬಿದ್ದಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ತೀರಾ ಮುಂಚೆ ಕೊಟ್ಟರೆ ಚಾಕು ತಾಗುವ ಹೊತ್ತಿಗೆ ಅದರ ಬಲ ಇಳಿದಿರುತ್ತದೆ. ಮರೆತು ಆಮೇಲೆ ಕೊಟ್ಟರೆ ಅಷ್ಟರಲ್ಲಿ ರೋಗಾಣು ಒಳಗೆ ಸೇರಿರುತ್ತದೆ. ಕೊನೆಯ ನಿಲುಗಡೆಯಲ್ಲಿ ಗಾಜ್, ಮಾಪ್, ಸೂಜಿ, ಉಪಕರಣಗಳ ಎಣಿಕೆ.

ದೆಹಲಿ, ಟೊರಾಂಟೊ, ಲಂಡನ್, ಸಿಯಾಟಲ್, ಮನಿಲಾ, ಅಮ್ಮಾನ್, ಆಕ್ಲೆಂಡ್ ಮತ್ತು ತಾಂಜಾನಿಯಾದ ಇಫಾಕಾರ, ಈ ಎಂಟು ಕಡೆಯ ಆಸ್ಪತ್ರೆಗಳಲ್ಲಿ ಇದನ್ನು ಪ್ರಯೋಗಿಸಿ ನೋಡಿದರು. 2009ರ ಜನವರಿಯಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ, ತೊಡಕುಗಳ ಪ್ರಮಾಣ ಶೇ 11ರಿಂದ 7ಕ್ಕೆ ಇಳಿದಿತ್ತು. ಅದೇ ಆಸ್ಪತ್ರೆಗಳನ್ನು ಪಟ್ಟಿ ಬರುವ ಮೊದಲು ಮತ್ತು ಬಂದ ಮೇಲೆ ಹೋಲಿಸಿದ ಅಧ್ಯಯನ ಅದು. ಪಟ್ಟಿ ಬಳಸದ ಬೇರೆ ಆಸ್ಪತ್ರೆಗಳ ಜೊತೆ ಹೋಲಿಕೆ ಅದರಲ್ಲಿರಲಿಲ್ಲ. ಹಾಗಿದ್ದರೂ ಸುದ್ದಿ ಬೆಂಕಿಯಂತೆ ಹಬ್ಬಿತು. ಭಾರತದಲ್ಲಿ ಆಸ್ಪತ್ರೆಗಳಿಗೆ ಗುಣಮಟ್ಟದ ಮಾನ್ಯತೆ ಕೊಡುವ ಎನ್‌ಎಬಿಎಚ್ ಕೂಡ ಸುರಕ್ಷಿತ ಶಸ್ತ್ರಚಿಕಿತ್ಸೆಯ ಚೆಕ್‌ಲಿಸ್ಟನ್ನು ತನ್ನ ಮಾನದಂಡಗಳ ಭಾಗವಾಗಿಸಿಕೊಂಡಿದೆ.

ಟಿಕ್ ಹಾಕಿದರೆ ಸಾಲದು

ಕೆನಡಾದ ಒಂಟಾರಿಯೊ ಪ್ರಾಂತ್ಯ ಚೆಕ್‌ಲಿಸ್ಟ್ ಜಾರಿಗೆ ತಂದಾಗ ಅಲ್ಲಿನ 101 ಆಸ್ಪತ್ರೆಗಳ ಫಲಿತಾಂಶವನ್ನು ಸಂಶೋಧಕರು ಅಳೆದರು. 2014ರಲ್ಲಿ ಬಂದ ವರದಿಯ ಪ್ರಕಾರ ಸಾವಿನ ಪ್ರಮಾಣ ಶೇ 0.71ರಿಂದ 0.65ಕ್ಕೆ, ತೊಡಕುಗಳು ಶೇ 3.86ರಿಂದ 3.82ಕ್ಕೆ ಬಂದಿದ್ದವು. ಬದಲಾವಣೆ ಆಗಿದೆ ಎಂದು ಹೇಳಲಾಗದಷ್ಟು ಸಣ್ಣ ಅಂತರ. ಬಹುತೇಕ ಆಸ್ಪತ್ರೆಗಳು ಪಟ್ಟಿಯನ್ನು ತಪ್ಪದೆ ಬಳಸುತ್ತಿದ್ದೇವೆ ಎಂದೇ ವರದಿ ಕೊಟ್ಟಿದ್ದವು. ಹಾಳೆ ತುಂಬಿತ್ತು, ರೋಗಿಗೆ ಲಾಭ ಕಾಣಲಿಲ್ಲ.

ಇದರ ಪಕ್ಕದಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಅನುಭವವನ್ನು ಇಟ್ಟು ನೋಡಬೇಕು. ಅಲ್ಲಿ ಚೆಕ್‌ಲಿಸ್ಟ್ ಜೊತೆಗೆ ತರಬೇತಿಯನ್ನೂ ಕೊಟ್ಟರು. ಪ್ರತಿ ಆಸ್ಪತ್ರೆಯೊಂದಿಗೆ ಸುಮಾರು ಎರಡು ತಿಂಗಳ ಪೂರ್ವಸಿದ್ಧತೆ. ಆಮೇಲೆ ಸರ್ಜನ್, ಅರಿವಳಿಕೆ ವೈದ್ಯರು, ನರ್ಸ್, ಟೆಕ್ನಿಷಿಯನ್ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಪೂರ್ತಿ ಒಂದು ದಿನದ ಪಾಠ. ಎಲ್ಲರೂ ಬರಲೆಂದು ಅಂದು ಥಿಯೇಟರನ್ನೇ ಮುಚ್ಚಿದರು. ಆಮೇಲೂ ಒಂದು ವರ್ಷ, ಮೂರು ತಿಂಗಳಿಗೊಮ್ಮೆ ಕರೆ ಮಾಡಿ ವಿಚಾರಿಸುತ್ತಿದ್ದರು. 2010ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ತರಬೇತಿ ಪಡೆದ 74 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯ ಸಾವು ಶೇ 18ರಷ್ಟು ಇಳಿಯಿತು. ಇನ್ನೂ ತರಬೇತಿ ಸಿಗದ 34 ಆಸ್ಪತ್ರೆಗಳಲ್ಲಿ ಇಳಿದದ್ದು ಶೇ 7ರಷ್ಟು. ತರಬೇತಿ ಹೆಚ್ಚು ತಿಂಗಳು ನಡೆದಷ್ಟೂ ಫಲ ಹೆಚ್ಚಿತ್ತು.

ಎರಡನ್ನೂ ಒಟ್ಟಿಗೆ ಓದಿದರೆ ವಿಷಯ ಸ್ಪಷ್ಟ. ಜೀವ ಉಳಿಸುವುದು ಆ ಹಾಳೆಯ ನೆಪದಲ್ಲಿ ನಡೆಯಬೇಕಾದ ಮಾತುಕತೆ. ಮಾತು ನಡೆಯದೆ ಬರೀ ಟಿಕ್ ಬಿದ್ದರೆ, ಎಲ್ಲ ಸರಿಯಿದೆ ಎಂಬ ಸುಳ್ಳು ನೆಮ್ಮದಿಯೊಂದೇ ಸಿಗುತ್ತದೆ. ಮಾಪ್ ಎಣಿಕೆಯ ಉದಾಹರಣೆಯನ್ನೇ ನೋಡಿ. ಹೊಟ್ಟೆಯೊಳಗೆ ಬಟ್ಟೆ, ಉಪಕರಣ ಉಳಿದುಹೋದ ಪ್ರಕರಣಗಳ ಬಗ್ಗೆ 2003ರಲ್ಲಿ ಅಮೆರಿಕದಲ್ಲಿ ಬಂದ ಅಧ್ಯಯನದ ಪ್ರಕಾರ, ಎಣಿಕೆ ನಡೆದಿದ್ದ ಅಂಥ ಪ್ರಕರಣಗಳಲ್ಲಿ ಶೇ 88ರಷ್ಟರಲ್ಲಿ ಕೊನೆಯ ಎಣಿಕೆ ಸರಿಯಿದೆ ಎಂದೇ ದಾಖಲಾಗಿತ್ತು. ತುರ್ತು ಆಪರೇಷನ್‌ಗಳಲ್ಲಿ ಈ ಅಪಾಯ ಸುಮಾರು ಒಂಬತ್ತು ಪಟ್ಟು ಹೆಚ್ಚು. ನಮ್ಮ ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ಕೊಟ್ಟ ಒಂದು ಪ್ರಕರಣವೂ ಇಂಥದ್ದೇ. 1963ರಲ್ಲಿ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಂತಾನಹರಣ ಚಿಕಿತ್ಸೆಗೆ ಒಳಗಾದ ಬಾಣಂತಿಯ ಹೊಟ್ಟೆಯಲ್ಲಿ ಟವೆಲ್ ಉಳಿದು ಆಕೆ ತೀರಿಕೊಂಡಿದ್ದರು. ನ್ಯಾಯ ಸಿಗಲು ಮೂರು ದಶಕ ಮಿಕ್ಕಿ ಬೇಕಾಯಿತು. ಎಣಿಕೆ ತಾಳೆಯಾಗದಿದ್ದಾಗ "ಸರ್, ಒಂದು ಮಾಪ್ ಕಡಿಮೆ ಬರ್ತಿದೆ, ಹೊಲಿಗೆ ನಿಲ್ಲಿಸಿ" ಎಂದು ಹೇಳಲು ಕ್ಷಣ ಸಾಕು. ಆದರೆ ಆ ಮಾತು ಹೊರಡುವ ವಾತಾವರಣ ಥಿಯೇಟರಿನಲ್ಲಿರಬೇಕು.

ಮಂಗಳೂರಿನ ಕಾಕ್‌ಪಿಟ್ ಕಲಿಸಿದ್ದು

2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜಪೆ ನಿಲ್ದಾಣದಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿತು. 166 ಜನರಲ್ಲಿ ಬದುಕಿದ್ದು ಎಂಟೇ ಜನ. ತನಿಖಾ ವರದಿ ದಾಖಲಿಸಿದ ಒಂದು ಸಂಗತಿಯನ್ನು ಶಸ್ತ್ರಚಿಕಿತ್ಸೆ ಮಾಡುವ ಪ್ರತಿಯೊಬ್ಬರೂ ಓದಬೇಕು. ವಿಮಾನ ಇಳಿಯುವ ಕೋನ ತಪ್ಪಿದೆ ಎಂದು ಕಿರಿಯ ಪೈಲಟ್‌ಗೆ ಗೊತ್ತಾಗಿತ್ತು. ಇಳಿಸಬೇಡಿ, ಮತ್ತೆ ಮೇಲೇರಿ ಎಂದು ಅವರು ಮೂರು ಬಾರಿ ಹೇಳಿದರು. ಎಚ್ಚರಿಕೆಯ ಯಂತ್ರವೂ ಕೂಗುತ್ತಿತ್ತು. ಕ್ಯಾಪ್ಟನ್ ಕಿವಿಗೊಡಲಿಲ್ಲ. ರನ್‌ವೇಯ ಅರ್ಧಕ್ಕೂ ಹೆಚ್ಚು ಭಾಗ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು.

ಅಲ್ಲಿ ಕಿರಿಯರು ಸುಮ್ಮನಿರಲಿಲ್ಲ. ಅವರ ಮಾತಿಗೆ ವಿಮಾನವನ್ನು ತಿರುಗಿಸುವ ಬಲ ಇರಲಿಲ್ಲ, ಅಷ್ಟೆ. 1977ರಲ್ಲಿ ಟೆನೆರಿಫ್ ದ್ವೀಪದಲ್ಲಿ ಎರಡು ಜಂಬೊ ಜೆಟ್‌ಗಳು ಡಿಕ್ಕಿಯಾಗಿ 583 ಜನ ಸತ್ತ ಮೇಲೆ ವಿಮಾನಯಾನ ಈ ಸಮಸ್ಯೆಯನ್ನು ಗಂಭೀರವಾಗಿ ತೆಗೆದುಕೊಂಡಿತು. ಕ್ಯಾಪ್ಟನ್‌ನ ತಪ್ಪನ್ನು ಸಹ ಪೈಲಟ್ ಎತ್ತಿ ಹೇಳುವುದನ್ನು, ಕ್ಯಾಪ್ಟನ್ ಅದನ್ನು ಅವಮಾನವೆಂದು ತಿಳಿಯದೆ ತಕ್ಷಣ ಪಾಲಿಸುವುದನ್ನು ಕಲಿಸುವ ತರಬೇತಿ 1980ರ ದಶಕದಿಂದ ಬೆಳೆಯಿತು. ಶಸ್ತ್ರಚಿಕಿತ್ಸೆಯ ತಂಡಗಳು ಕಲಿಯುತ್ತಿರುವುದು ಈ ಎರಡು ತುದಿಯ ಪಾಠವನ್ನೇ.

ನಮ್ಮ ಥಿಯೇಟರುಗಳಲ್ಲಿ ಈ ಪಾಠ ಇನ್ನಷ್ಟು ಕಷ್ಟ. ಹಿರಿಯರಿಗೆ ಎದುರು ಮಾತಾಡಬಾರದು ಎಂದು ಹೇಳಿಸಿಕೊಂಡೇ ಬೆಳೆದವರು ನಾವು. ಸರ್ ತಪ್ಪು ಮಾಡುತ್ತಿದ್ದಾರೆ ಎಂದು ಗೊತ್ತಾದರೂ ನಾಲಿಗೆ ಏಳುವುದಿಲ್ಲ. ಇನ್ನು ಬೆಂಗಳೂರಿನ ಥಿಯೇಟರಿನಲ್ಲಿ ಸರ್ಜನ್ ಮೈಸೂರಿನವರಾದರೆ ಅರಿವಳಿಕೆ ವೈದ್ಯರು ಚೆನ್ನೈಯವರು, ಸಿಸ್ಟರ್ ಕೇರಳದವರು, ಟೆಕ್ನಿಷಿಯನ್ ಕಲಬುರಗಿಯವರು, ರೋಗಿ ಒಡಿಶಾದವನು ಇರಬಹುದು. ಇಂಗ್ಲಿಷ್ ತಪ್ಪಾದೀತು ಎಂಬ ಅಳುಕಿಗೇ ಎಷ್ಟೋ ಮುಖ್ಯವಾದ ಮಾತು ಗಂಟಲಲ್ಲೇ ಉಳಿಯುತ್ತದೆ.

ಅದಕ್ಕೇ ತರಬೇತಿಯಲ್ಲಿ ಮಾತುಗಳನ್ನು ಮೊದಲೇ ಸಿದ್ಧ ಮಾಡಿಕೊಡುತ್ತಾರೆ. ಅಮೆರಿಕದಲ್ಲಿ 2006ರಲ್ಲಿ ಬಂದ ತಂಡ ತರಬೇತಿಯ ಪಠ್ಯವೊಂದರಲ್ಲಿ ಮೂರು ಮೆಟ್ಟಿಲಿನ ಕ್ರಮವಿದೆ. ನಮ್ಮ ಥಿಯೇಟರಿನ ಮಾತಿನಲ್ಲಿ ಅದು ಹೀಗಿರಬಹುದು. "ಸರ್, ನನಗೆ ಒಂದು ಆತಂಕ ಇದೆ." ಕೇಳದಿದ್ದರೆ: "ಸರ್, ಇದು ನನಗೆ ಸರಿ ಕಾಣ್ತಿಲ್ಲ." ಆಗಲೂ ಕೇಳದಿದ್ದರೆ: "ಸರ್, ಇದು ಪೇಷೆಂಟಿಗೆ ಅಪಾಯ, ದಯವಿಟ್ಟು ನಿಲ್ಲಿಸಿ." ಮೂರನೆಯ ಮಾತು ಬಂದರೆ ಎಲ್ಲರೂ ಕೈ ನಿಲ್ಲಿಸಲೇಬೇಕು ಎಂಬುದು ನಿಯಮ. ಮರ್ಯಾದೆಯ ಮಾತು ಎಲ್ಲೂ ಬಿಟ್ಟುಹೋಗುವುದಿಲ್ಲ, ಎಚ್ಚರಿಕೆ ಮಾತ್ರ ಗಟ್ಟಿಯಾಗುತ್ತಾ ಹೋಗುತ್ತದೆ. ನಿಜವಾದ ರಕ್ತ, ನಿಜವಾದ ಗಾಬರಿಯ ನಡುವೆ ಈ ಮಾತು ಬರಬೇಕಾದರೆ ಗೊಂಬೆಯ ಮುಂದೆ ಹತ್ತು ಸಲ ಹೇಳಿ ಅಭ್ಯಾಸವಾಗಿರಬೇಕು. ಚೆಕ್‌ಲಿಸ್ಟಿನಲ್ಲಿ ಹೆಸರು ಹೇಳಿಕೊಳ್ಳುವ ಸಾಲು ಇರುವುದೂ ಇದಕ್ಕೇ. ಶುರುವಿನಲ್ಲಿ ಒಮ್ಮೆ ದನಿ ತೆಗೆದವರಿಗೆ ಆಪತ್ತಿನಲ್ಲಿ ದನಿ ತೆಗೆಯುವುದು ಸುಲಭ.

ಸರ್ಜನ್ನರ ಪಾಲೂ ದೊಡ್ಡದು. ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ ಮತ್ತು ಸಂಗಡಿಗರು ಹೃದಯ ಶಸ್ತ್ರಚಿಕಿತ್ಸೆಯ ಹೊಸ ವಿಧಾನವೊಂದನ್ನು ಕಲಿಯುತ್ತಿದ್ದ 16 ಆಸ್ಪತ್ರೆಗಳನ್ನು ಅಧ್ಯಯನ ಮಾಡಿ 2001ರಲ್ಲಿ ಪ್ರಕಟಿಸಿದರು. ಗೆದ್ದ ತಂಡಗಳನ್ನು ಸೋತ ತಂಡಗಳಿಂದ ಬೇರ್ಪಡಿಸಿದ್ದು ಆಸ್ಪತ್ರೆಯ ಹೆಸರೂ ಅಲ್ಲ, ಸರ್ಜನ್ನರ ಹಿರಿತನವೂ ಅಲ್ಲ. ಈ ಕೆಲಸ ನನ್ನೊಬ್ಬನಿಂದ ಆಗದು, ನಿಮ್ಮ ಕಣ್ಣು ನಿಮ್ಮ ಮಾತು ನನಗೆ ಬೇಕು ಎಂದು ಸರ್ಜನ್ ಬಾಯಿಬಿಟ್ಟು ಹೇಳಿದ ತಂಡಗಳು ಬೇಗ ಕಲಿತವು.

ಬಿಡದಿಯ ಲೈನ್, ಸಿಯಾಟಲ್‌ನ ಆಸ್ಪತ್ರೆ

ಬೆಂಗಳೂರಿನ ಕಾರ್ಖಾನೆಗಳು ಇದನ್ನು ಆಗಲೇ ಬಲ್ಲವು. ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ 1999ರಿಂದ ವಾಹನ ತಯಾರಿಸುತ್ತಿದೆ. ಟೊಯೊಟಾದ ಉತ್ಪಾದನಾ ಪದ್ಧತಿಯಲ್ಲಿ ಲೈನಿನ ಮೇಲೆ ನಿಂತ ಯಾವ ಕಾರ್ಮಿಕನೂ ದೋಷ ಕಂಡ ಕೂಡಲೇ ಹಗ್ಗ ಎಳೆಯಬಹುದು ಅಥವಾ ಗುಂಡಿ ಒತ್ತಬಹುದು. ದೀಪ ಹೊತ್ತಿಕೊಳ್ಳುತ್ತದೆ, ಟೀಮ್ ಲೀಡರ್ ಓಡಿಬರುತ್ತಾರೆ. ಅಷ್ಟರಲ್ಲಿ ಸರಿಹೋಗದಿದ್ದರೆ ಇಡೀ ಲೈನ್ ನಿಲ್ಲುತ್ತದೆ. ಯಾಕೆ ಎಳೆದೆ ಎಂದು ಗದರಿಸುವ ಹಾಗಿಲ್ಲ. ಎಳೆದಿದ್ದಕ್ಕೆ ಕೃತಜ್ಞತೆ ಹೇಳುವುದು ಆ ಪದ್ಧತಿಯ ರೀತಿ. ಪೀಣ್ಯ, ಬೊಮ್ಮಸಂದ್ರಗಳಲ್ಲಿ ವಾಹನ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಎಷ್ಟೋ ಘಟಕಗಳಲ್ಲಿ ಶಿಫ್ಟ್ ಶುರುವಾಗುವ ಮೊದಲು ಐದು ನಿಮಿಷ ಎಲ್ಲರನ್ನೂ ನಿಲ್ಲಿಸಿ ಇಂದಿನ ಅಪಾಯ ಯಾವುದು ಎಂದು ಮಾತಾಡುವ ರೂಢಿಯಿದೆ. ವೈಟ್‌ಫೀಲ್ಡಿನ ಸಾಫ್ಟ್‌ವೇರ್ ತಂಡಗಳು ಬೆಳಗ್ಗೆ ನಿಂತುಕೊಂಡೇ ನಡೆಸುವ ಸಣ್ಣ ಸಭೆಯೂ ಇದೇ ಜಾತಿಯದು.

ಸಿಯಾಟಲ್‌ನ ವರ್ಜೀನಿಯಾ ಮೇಸನ್ ಆಸ್ಪತ್ರೆಯ ಮುಖ್ಯಸ್ಥರು 2002ರಲ್ಲಿ ಜಪಾನಿಗೆ ಹೋಗಿ ಟೊಯೊಟಾ ಪದ್ಧತಿ ಕಲಿತು, ಅಪಾಯ ಕಂಡ ಯಾವ ಸಿಬ್ಬಂದಿಯೂ ಚಿಕಿತ್ಸೆ ನಿಲ್ಲಿಸಬಹುದಾದ ಏರ್ಪಾಡನ್ನು ತಮ್ಮಲ್ಲಿ ತಂದರು. ಅದು ಒಂದೇ ದಿನದಲ್ಲಿ ಬೇರೂರಲಿಲ್ಲ. 2004ರಲ್ಲಿ ಅಲ್ಲೇ ಒಂದು ದುರಂತ ನಡೆಯಿತು. ಟ್ರೇ ಮೇಲೆ ಚೀಟಿ ಅಂಟಿಸದ ಬಟ್ಟಲುಗಳಲ್ಲಿ ಬಣ್ಣವಿಲ್ಲದ ದ್ರವಗಳಿದ್ದವು. ಎಕ್ಸ್‌ರೇಗೆ ಬೇಕಾದ ದ್ರವದ ಬದಲು ಚರ್ಮ ಶುದ್ಧ ಮಾಡುವ ದ್ರವ ರೋಗಿಯ ರಕ್ತನಾಳಕ್ಕೆ ಹೋಗಿ ಆಕೆ ತೀರಿಕೊಂಡರು. ಆಸ್ಪತ್ರೆ ಅದನ್ನು ಮುಚ್ಚಿಡದೆ ಸಾರ್ವಜನಿಕವಾಗಿ ಒಪ್ಪಿಕೊಂಡು, ಸುರಕ್ಷತೆಯನ್ನೇ ತನ್ನ ಮೊದಲ ಗುರಿಯಾಗಿಸಿಕೊಂಡಿತು. ಚೀಟಿಯಿಲ್ಲದ ಬಟ್ಟಲು ಕಂಡಾಗ "ಇದರಲ್ಲಿ ಏನಿದೆ?" ಎಂದು ಕೇಳಲು ಯಾವ ಪದವಿಯೂ ಬೇಕಿಲ್ಲ. ಕೇಳಿದರೆ ಯಾರೂ ಬೈಯುವುದಿಲ್ಲ ಎಂಬ ಭರವಸೆ ಬೇಕು.

ಹತ್ತರಿಂದ ಇಪ್ಪತ್ತೈದಕ್ಕೆ

ಇದೆಲ್ಲ ಶ್ರೀಮಂತ ದೇಶಗಳ ಮಾತು, ನಮ್ಮಲ್ಲಿ ನಡೆಯುವುದಿಲ್ಲ ಎನ್ನುವವರಿಗೆ ಕರ್ನಾಟಕದಲ್ಲೇ ಉತ್ತರವಿದೆ. 2010ರ ಜುಲೈಯಿಂದ ಡಿಸೆಂಬರ್‌ವರೆಗೆ ರಾಜ್ಯದ ಒಂದು ಉಪಜಿಲ್ಲಾ ಮಟ್ಟದ ಹೆರಿಗೆ ಕೇಂದ್ರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಚೆಕ್‌ಲಿಸ್ಟನ್ನು ಪರೀಕ್ಷಿಸಿದರು. ಶಸ್ತ್ರಚಿಕಿತ್ಸೆಯ ಪಟ್ಟಿಯ ತಂಗಿ ಅದು. ಹೆರಿಗೆಯ ಹೊತ್ತಿನಲ್ಲಿ ಮಾಡಲೇಬೇಕಾದ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ಮಾತ್ರ ನಡೆಯುತ್ತಿದ್ದವು. ಕೈ ತೊಳೆಯುವುದು, ತಾಯಿಯ ರಕ್ತದೊತ್ತಡ ನೋಡುವುದು, ಮಗುವನ್ನು ಬೆಚ್ಚಗಿಡುವುದು, ಇಂಥವೇ ಬಿಟ್ಟುಹೋಗಬಹುದಾದ ಕೆಲಸಗಳು. ಪಟ್ಟಿ ತಂದು, ಪಕ್ಕದಲ್ಲಿ ನಿಂತು ತಿದ್ದುವವರನ್ನು ಕೊಟ್ಟ ಮೇಲೆ ಸರಾಸರಿ 25ಕ್ಕೆ ಏರಿತು. ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟಬೇಕಾಗಲಿಲ್ಲ.

ಆದರೆ ಆಮೇಲೆ ಉತ್ತರ ಪ್ರದೇಶದ 120 ಆರೋಗ್ಯ ಕೇಂದ್ರಗಳಲ್ಲಿ ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿ 2017ರಲ್ಲಿ ಪ್ರಕಟಿಸಿದ ಫಲಿತಾಂಶವನ್ನೂ ಮರೆಯಬಾರದು. ಎಂಟು ತಿಂಗಳು ತರಬೇತುದಾರರು ಬಂದು ಹೋದರು. ಎರಡು ತಿಂಗಳ ಹೊತ್ತಿಗೆ ಮಾಡಬೇಕಾದ ಕೆಲಸಗಳಲ್ಲಿ ಶೇ 73ರಷ್ಟು ನಡೆಯುತ್ತಿದ್ದವು, ತರಬೇತಿಯಿಲ್ಲದ ಕಡೆ ಶೇ 42ರಷ್ಟು. ತರಬೇತುದಾರರು ಹೋಗಿ ನಾಲ್ಕು ತಿಂಗಳಾಗುವಷ್ಟರಲ್ಲಿ 73 ಇದ್ದದ್ದು 62ಕ್ಕೆ ಇಳಿದಿತ್ತು. ತಾಯಿ ಮಗುವಿನ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂದರೆ ತರಬೇತಿ ಸರ್ವರೋಗದ ಮದ್ದಲ್ಲ. ಔಷಧ, ರಕ್ತ, ಪರಿಣತರು ಇಲ್ಲದ ಕಡೆ ಮಾತೊಂದೇ ಜೀವ ಉಳಿಸಲಾರದು. ಮೇಲಾಗಿ ಒಂದು ಸಲ ಕಲಿಸಿ ಕೈತೊಳೆದುಕೊಂಡರೆ ಕಲಿತದ್ದು ಉಳಿಯುವುದೂ ಇಲ್ಲ. ಆಸ್ಪತ್ರೆಯೊಳಗಿನವರೇ ತರಬೇತುದಾರರಾದಾಗ ಮಾತ್ರ ಅದು ಉಳಿಯುತ್ತದೆ.

ಥಿಯೇಟರಿನಿಂದ ಮನೆಯವರೆಗೆ

ಹೊಲಿಗೆ ಬಿದ್ದ ಕೂಡಲೇ ಅಪಾಯ ಮುಗಿಯಿತು ಎಂದಲ್ಲ. ಥಿಯೇಟರಿನಿಂದ ಐ.ಸಿ.ಯು.ಗೆ ಸಾಗಿಸುವ ಕೆಲವು ನಿಮಿಷ ತುಂಬಾ ನಾಜೂಕಿನವು. ವೆಂಟಿಲೇಟರ್, ಡ್ರಿಪ್, ಮಾನಿಟರ್ ಎಲ್ಲವೂ ಒಮ್ಮೆಲೆ ಬದಲಾಗುತ್ತವೆ, ಮಾಹಿತಿ ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಹೋಗಬೇಕು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆ ಇದಕ್ಕಾಗಿ ಫೆರಾರಿ ರೇಸಿಂಗ್ ತಂಡದವರ ಸಲಹೆ ಕೇಳಿತು. ಓಡುವ ಕಾರನ್ನು ನಿಲ್ಲಿಸಿ ಕ್ಷಣಗಳಲ್ಲಿ ಚಕ್ರ ಬದಲಿಸುವ ಅವರ ತಂಡದಲ್ಲಿ ಯಾರು ಎಲ್ಲಿ ನಿಲ್ಲಬೇಕು, ಯಾರ ಆಣತಿ ನಡೆಯಬೇಕು ಎಂಬುದು ಮೊದಲೇ ಗೊತ್ತು. ಅದೇ ಶಿಸ್ತನ್ನು ತಂದ ಮೇಲೆ ಒಂದು ಹಸ್ತಾಂತರದಲ್ಲಿ ಆಗುವ ಸರಾಸರಿ ತಾಂತ್ರಿಕ ಲೋಪಗಳು 5.42ರಿಂದ 3.15ಕ್ಕೆ ಇಳಿದವು ಎಂದು 2007ರಲ್ಲಿ ವರದಿಯಾಯಿತು.

ಮನೆಯವರೂ ತಂಡದ ಭಾಗ ಎಂಬುದನ್ನು ನಮ್ಮ ನಾರಾಯಣ ಹೆಲ್ತ್ ಆಸ್ಪತ್ರೆಗಳಲ್ಲಿ ಹುಟ್ಟಿದ ಪ್ರಯೋಗ ತೋರಿಸಿದೆ. ರೋಗಿಯ ಕಡೆಯವರು ದಿನಗಟ್ಟಲೆ ವಾರ್ಡಿನ ಹೊರಗೆ ಚಿಂತೆಯಲ್ಲಿ ಕೂತಿರುತ್ತಾರೆ, ಅವರಿಗೆ ಯಾರೂ ಏನೂ ಹೇಳುವುದಿಲ್ಲ. 2012ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಇದನ್ನು ಗಮನಿಸಿದರು. ಮುಂದೆ ನೂರಾ ಹೆಲ್ತ್ ಎಂಬ ಸಂಸ್ಥೆಯಾಗಿ, ಮನೆಯವರಿಗೇ ಕೈ ತೊಳೆಯುವ ಕ್ರಮ, ಗಾಯದ ಆರೈಕೆ, ಉಸಿರಾಟದ ವ್ಯಾಯಾಮ, ಯಾವ ಲಕ್ಷಣ ಕಂಡರೆ ಆಸ್ಪತ್ರೆಗೆ ಓಡಬೇಕು ಎಂಬುದನ್ನು ನರ್ಸ್‌ಗಳಿಂದ ಕಲಿಸುವ ತರಗತಿ ಶುರುಮಾಡಿದರು. ಹೃದಯದ ಆಪರೇಷನ್ ನಂತರದ ತೊಡಕುಗಳು ಶೇ 71ರಷ್ಟು ಇಳಿದವು ಎಂಬುದು ಸಂಸ್ಥೆಯೇ ಕೊಡುವ ಲೆಕ್ಕ. ಈಗ ರಾಜ್ಯದ ಸರ್ಕಾರಿ ಆಸ್ಪತ್ರೆಗಳಿಗೂ ಅದು ಬಂದಿದೆ. ಮನೆಗೆ ಹೋದ ಮೇಲೆ ಡ್ರೆಸ್ಸಿಂಗ್ ಮುಟ್ಟುವ ಕೈ ಅಮ್ಮನದೋ ಹೆಂಡತಿಯದೋ ಆಗಿರುವಾಗ, ಅವರಿಗೆ ಅವರ ಭಾಷೆಯಲ್ಲೇ ಕಲಿಸುವುದು ಸರ್ಜನ್ನರಿಗೆ ಕಲಿಸಿದಷ್ಟೇ ಮುಖ್ಯ.

ಈಗ ಆಗಬೇಕಾದದ್ದು

ವೈದ್ಯ ವಿದ್ಯಾರ್ಥಿಗಳಿಗೆ 2019ರಿಂದ ಜಾರಿಯಾದ ಹೊಸ ಪಠ್ಯಕ್ರಮದಲ್ಲಿ ನಡವಳಿಕೆ, ನೈತಿಕತೆ, ಸಂವಹನದ ಪಾಠಗಳಿವೆ. ಅದು ಒಳ್ಳೆಯ ಹೆಜ್ಜೆ. ಆದರೆ ಡಾಕ್ಟರುಗಳು ಒಂದು ಕಡೆ, ನರ್ಸ್‌ಗಳು ಇನ್ನೊಂದು ಕಡೆ, ಟೆಕ್ನಿಷಿಯನ್‌ಗಳು ಮತ್ತೊಂದು ಕಡೆ ಕಲಿತು ನೇರ ಥಿಯೇಟರಿನಲ್ಲಿ ಭೇಟಿಯಾಗುತ್ತಾರೆ. ಒಟ್ಟಿಗೆ ದುಡಿಯುವವರು ಒಟ್ಟಿಗೆ ಕಲಿಯಬೇಕು. ಮತ್ತೀಕೆರೆ ಕಡೆಯ ಎಂ.ಎಸ್. ರಾಮಯ್ಯದಂಥ ಸಂಸ್ಥೆಗಳಲ್ಲಿ ಗೊಂಬೆಗಳ ಮೇಲೆ ಅಭ್ಯಾಸ ಮಾಡಿಸುವ ಕೇಂದ್ರಗಳಿವೆ. ದೊಡ್ಡ ಆಸ್ಪತ್ರೆಗಳಿಗೆ ಹಣ, ಜಾಗ ಎರಡೂ ಇದೆ. ಅವು ತಮ್ಮ ಸುತ್ತಲಿನ ಸಣ್ಣ ನರ್ಸಿಂಗ್ ಹೋಮ್‌ಗಳ ತಂಡಗಳಿಗೂ ಬಾಗಿಲು ತೆರೆಯಬೇಕು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿಯಿಂದ ಆಸ್ಪತ್ರೆಗೆ ಯಂತ್ರ ಕೊಡಿಸಿ ಫೋಟೊ ತೆಗೆಸಿಕೊಳ್ಳುವ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳ ಸಂಸ್ಥೆಗಳು ಇಂಥ ತರಬೇತಿಗೆ ಹಣ ಕೊಟ್ಟರೆ ಅವುಗಳದೇ ನೌಕರರ, ಸೆಕ್ಯುರಿಟಿ ಗಾರ್ಡ್‌ಗಳ, ಕ್ಯಾಬ್ ಚಾಲಕರ ಜೀವ ಉಳಿಯುತ್ತದೆ.

ಖರ್ಚಿನ ನೆಪ ಹೇಳುವಂತಿಲ್ಲ. ಚೆಕ್‌ಲಿಸ್ಟ್ ಓದಲು ಕೆಲವೇ ನಿಮಿಷ ಸಾಕು. ದುಬಾರಿಯಾಗುವುದು ಥಿಯೇಟರ್ ಮುಚ್ಚಿ ಎಲ್ಲರನ್ನೂ ಕೂರಿಸುವ ಆ ಒಂದು ದಿನ. ಅಂದು ಆಪರೇಷನ್ ನಿಲ್ಲುತ್ತದೆ, ಆದಾಯ ನಿಲ್ಲುತ್ತದೆ. ಆದರೆ ಸೋಂಕಾದ ಒಬ್ಬೊಬ್ಬ ರೋಗಿ ಎಷ್ಟು ಹಾಸಿಗೆ ದಿನ ತಿನ್ನುತ್ತಾನೆ ಎಂದು ಕೂಡಿ ಕಳೆದು ನೋಡಿದ ಯಾವ ಆಡಳಿತಾಧಿಕಾರಿಗೂ ಆ ದಿನ ನಷ್ಟವೆನಿಸಲಾರದು. ಪ್ರತಿ ತಿಂಗಳು ಎಷ್ಟು ಗಾಯ ಕೆಟ್ಟವು, ಎಷ್ಟು ಜನ ಮತ್ತೆ ಥಿಯೇಟರಿಗೆ ಬಂದರು ಎಂಬ ಲೆಕ್ಕವನ್ನು ಸಿಬ್ಬಂದಿಯೆಲ್ಲರಿಗೂ ಕಾಣುವಂತೆ ಗೋಡೆಗೆ ಹಾಕಬೇಕು. ತಪ್ಪು ಎತ್ತಿ ತೋರಿಸಿದ ಕಿರಿಯರನ್ನು ಮೂಲೆಗುಂಪು ಮಾಡಿದ ಹಿರಿಯರನ್ನು ಆಡಳಿತ ಕೇಳಬೇಕು. ಇಷ್ಟನ್ನು ಮಾಡದೆ ಮಾನ್ಯತೆಯ ಪ್ರಮಾಣಪತ್ರವನ್ನು ಕಟ್ಟು ಹಾಕಿಸಿ ತೂಗುಹಾಕಿದರೆ ರೋಗಿಗೆ ಅದರಿಂದ ಕಾಸಿನ ಪ್ರಯೋಜನವಿಲ್ಲ.

ನಾವೂ ಕೇಳಬೇಕು. ಒಳ್ಳೆಯ ಸರ್ಜನ್ ಯಾರು, ಅವರ ಕೈಗುಣ ಹೇಗೆ ಎಂದು ನಾಲ್ಕು ಜನರನ್ನು ವಿಚಾರಿಸುತ್ತೇವೆ. ಅದರ ಜೊತೆಗೆ ಆಸ್ಪತ್ರೆಯವರನ್ನೇ ಕೇಳಬೇಕಾದ ಪ್ರಶ್ನೆಗಳಿವೆ: ಆಪರೇಷನ್‌ಗೆ ಮೊದಲು ನಿಮ್ಮ ತಂಡ ಒಟ್ಟಿಗೆ ನಿಂತು ಚೆಕ್‌ಲಿಸ್ಟ್ ಓದುತ್ತದೆಯೇ? ನನ್ನ ಅಲರ್ಜಿ, ನಾನು ತೆಗೆದುಕೊಳ್ಳುವ ಮಾತ್ರೆ ಬರೆದುಕೊಂಡಿದ್ದೀರಾ? ಮನೆಗೆ ಹೋದ ಮೇಲೆ ಗಾಯ ಹೇಗೆ ನೋಡಿಕೊಳ್ಳಬೇಕೆಂದು ನಮ್ಮವರಿಗೆ ಯಾರು ಹೇಳಿಕೊಡುತ್ತಾರೆ? ಕೇಳಿದರೆ ಡಾಕ್ಟರಿಗೆ ಬೇಜಾರಾದೀತು ಎಂಬ ಅಳುಕು ಬೇಡ. ನರ್ಸ್ ಮಾತನಾಡಲಿ ಎಂದು ಬಯಸುವ ನಾವು ಮೊದಲು ಮಾತನಾಡಬೇಕು. ಹತ್ತು ರೋಗಿಗಳು ಕೇಳಿದರೆ ಆಸ್ಪತ್ರೆಗೆ ಅದು ಕಿರಿಕಿರಿ ಎನಿಸಬಹುದು. ಬಂದವರೆಲ್ಲರೂ ಕೇಳತೊಡಗಿದರೆ ಅದೇ ಅಲ್ಲಿನ ಪದ್ಧತಿಯಾಗುತ್ತದೆ.